ಎರವಲು ಕೈ

ಪರೀಕ್ಷೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಎರವಲು ಕೊಡಲಾಗದ ವಸ್ತು ಯಾವುದು ಎಂಬ ಪ್ರಶ್ನೆಗೆ ಸರಕಾರ ಬಹಳ ವರ್ಷ ತಲೆ ಕೆಡಿಸಿಕೊಂಡಿತ್ತು. ಪೆನ್ನು, ಉತ್ತರ, ಚೀಟಿ, ಹಾಲ್ ಟಿಕೆಟ್ಟಿನ ಫೋಟೊ, ಕೆಲವೊಮ್ಮೆ ಅಣ್ಣನ ಮುಖ, ಎಲ್ಲವೂ ನಮ್ಮಲ್ಲಿ ಧಾರಾಳವಾಗಿ ಓಡಾಡಿವೆ. ಹತ್ತನೆಯ ತರಗತಿಯ ಪರೀಕ್ಷೆ ಎಂದರೆ ಕಂಪೌಂಡಿನ ಹೊರಗೆ ಮಾವ, ಕಾಕಾ, ಅಕ್ಕನ ಗಂಡ ಸಮೇತ ನೆರೆಯುವ ಕುಟುಂಬ ಸಮಾರಂಭವಾಗಿದ್ದ ಕಾಲವನ್ನು ಕಂಡವರು ಇನ್ನೂ ಬದುಕಿದ್ದಾರೆ. ಕೆಲವರು ಶಿಕ್ಷಣ ಇಲಾಖೆಯಲ್ಲೇ ಇದ್ದಾರೆ. ಕೊನೆಗೆ ಯಾರೋ ಬುದ್ಧಿವಂತರು ಕಂಡುಹಿಡಿದರು: ಎರವಲು ಕೊಡಲಾಗದ್ದು ಕೈ. ಬೆರಳಚ್ಚಲ್ಲ, ಅದನ್ನು ಮೇಣದಲ್ಲಿ ಇಳಿಸಿಕೊಳ್ಳುವವರು ತಾಲ್ಲೂಕಿಗೊಬ್ಬರು ಸಿಗುತ್ತಾರೆ. ಕೈಯ ನಡೆ.

ಹೀಗೆ ಗಾಜಿನ ಪಾಟಿ ಹುಟ್ಟಿತು. ಮೇಲ್ನೋಟಕ್ಕೆ ಎಲ್ಲ ಟ್ಯಾಬ್ಲೆಟ್‌ಗಳಂತೆಯೇ ಇದ್ದ ಅದರ ಗಾಜು, ಬೆರಳು ಒತ್ತಿದ ಭಾರವನ್ನೂ ಜಾರಿದ ದಾರಿಯನ್ನೂ ಒಂದು ಮುಟ್ಟಿಗೂ ಇನ್ನೊಂದಕ್ಕೂ ನಡುವಿನ ಬಿಡುವನ್ನೂ ತಪ್ಪಿದಾಗ ಬೆರಳು ಹಿಂದೆ ಸರಿಯುವ ರೀತಿಯನ್ನೂ ಗಮನಿಸುತ್ತಿತ್ತು. ಮೊದಲ ಕೆಲವು ವಾರ ಅದು ಮಗುವಿನ ಕೈಯನ್ನು ಕಲಿಯುತ್ತಿತ್ತು. ಆಮೇಲೆ ಆ ಕೈಗೆ ಮಾತ್ರ ತೆರೆಯುತ್ತಿತ್ತು. ಬೇರೆ ಕೈ ತಗುಲಿದರೆ ಸ್ವಲ್ಪ ಹೊತ್ತು ಸಹಿಸಿಕೊಂಡು, ಬೀಗರ ಮನೆಯ ಹಿರಿಯ ಹೆಂಗಸಿನಂತೆ ಮುಖ ತಿರುಗಿಸಿ ಕಪ್ಪಾಗುತ್ತಿತ್ತು.

ಡಿಜಿಟಲ್ ಕೌಶಲವೆಂಬ ಹೊಸ ವಿಷಯಕ್ಕೆ ಪ್ರತ್ಯೇಕ ಪರೀಕ್ಷೆಯೇ ಇರಲಿಲ್ಲ. ಅರ್ಜಿ ತುಂಬುವುದು, ಮೋಸದ ಸಂದೇಶ ಗುರುತಿಸುವುದು, ಸುಳ್ಳು ಸುದ್ದಿ ಬೇರ್ಪಡಿಸುವುದು, ನಕ್ಷೆಯಲ್ಲಿ ದಾರಿ ಹುಡುಕುವುದು, ಇವೆಲ್ಲವನ್ನೂ ಮಗು ವರ್ಷವಿಡೀ ಮಾಡುತ್ತಿದ್ದರೆ ಪಾಟಿ ನೋಡುತ್ತ ಕುಳಿತು ಕೊನೆಗೆ ಅಂಕ ಕೊಡುತ್ತಿತ್ತು. ಉತ್ತರ ಸರಿಯೇ ತಪ್ಪೇ ಎನ್ನುವುದಕ್ಕಿಂತ ಕೈ ಅಂಜಿತೇ ಇಲ್ಲವೇ ಎನ್ನುವುದು ಅದಕ್ಕೆ ಮುಖ್ಯ. ಆ ಅಂಕವಿಲ್ಲದೆ ಪಾಲಿಟೆಕ್ನಿಕ್ ಇಲ್ಲ, ಐಟಿಐ ಇಲ್ಲ, ನರ್ಸಿಂಗ್ ಇಲ್ಲ.

ಒಂದೇ ಒಂದು ಸಾಧ್ಯತೆಯನ್ನು ಬುದ್ಧಿವಂತರು ಯೋಚಿಸಿರಲಿಲ್ಲ. ಆಮೇಲೆ ಎರವಲು ಕೊಡಲಾಗದ ಕೈಯನ್ನು ಮೊದಲೇ ಕೊಟ್ಟುಬಿಡಬಹುದು.

ಜೋಡಹುಣಸಿಯ ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ವಿಮಲಾಕ್ಷಿಗೆ ಡಿಜಿಟಲ್ ವಿಷಯದ ಪ್ರಭಾರವೂ ಬಂದದ್ದು ಅರ್ಹತೆಯಿಂದಲೇ. ಹಿಂದೊಮ್ಮೆ ಪ್ರೊಜೆಕ್ಟರ್ ಕೈಕೊಟ್ಟಾಗ ಆಕೆ ಅದರ ಪ್ಲಗ್ ಕಿತ್ತು ಮತ್ತೆ ಚುಚ್ಚಿದ್ದಳು, ಅದು ಹತ್ತಿಕೊಂಡಿತ್ತು. ಅಂದಿನಿಂದ ವೈರು ಇರುವ ಎಲ್ಲ ವಸ್ತುಗಳೂ ಆಕೆಯವು. ಪಾಟಿಗಳು ಬಂದಾಗ ವೈರು ಇರಲಿಲ್ಲ, ಆದರೂ ಆಕೆಯವೇ ಆದವು.

ಮೊದಲ ಹಂತಕ್ಕೆ ‘ಹಸ್ತ ಪರಿಚಯ’ ಎಂದು ಹೆಸರು. ಪ್ರತಿ ಮಗು ತನ್ನ ಪಾಟಿಯ ಮೇಲೆ ಕೆಲವು ಪಾಠಗಳನ್ನು ಮಾಡುತ್ತ ಹೋಗಬೇಕು. ಕೈ ಕುದುರಿದೆ ಎಂದು ಪಾಟಿಗೆ ಅನ್ನಿಸಿದಾಗ ಮೂಲೆಯಲ್ಲಿ ಹಸಿರು ಎಲೆ ಮೂಡುತ್ತದೆ. ಎಲ್ಲ ಮಕ್ಕಳ ಎಲೆ ಹಸಿರಾದರೆ ಶಾಲೆ ಹಸಿರು. ಅಲ್ಲಿಯವರೆಗೆ ತಾಲ್ಲೂಕಿನ ಗ್ರೂಪಿನಲ್ಲಿ ದಿನವೂ ಬೆಳಿಗ್ಗೆ ಶಾಲೆಯ ಹೆಸರು ಕೆಂಪಕ್ಷರದಲ್ಲಿ ಬರುತ್ತದೆ. ಜೋಡಹುಣಸಿಯ ಮಕ್ಕಳ ಬೆರಳುಗಳು ಮೆಣಸಿನಕಾಯಿ ಬಿಡಿಸಿ, ಹಗ್ಗ ಎಳೆದು, ಸೈಕಲ್ ಚೈನು ಹಾಕಿ ಗಟ್ಟಿಯಾಗಿದ್ದವು. ಗಾಜನ್ನು ಮುಟ್ಟಿದರೆ ಬಾಗಿಲು ಬಡಿದಂತಿರುತ್ತಿತ್ತು. ಪಾಟಿ ತಾಳ್ಮೆಯಿಂದ ‘ಇನ್ನೊಮ್ಮೆ ಪ್ರಯತ್ನಿಸು’ ಎನ್ನುತ್ತಿತ್ತು. ಮಕ್ಕಳೂ ತಾಳ್ಮೆಯಿಂದ ಇನ್ನೊಮ್ಮೆ ಬಾಗಿಲು ಬಡಿಯುತ್ತಿದ್ದರು.

ಹೆಡ್‌ಮಾಸ್ತರ ಅಡಿವೆಪ್ಪನವರಿಗೆ ಆ ತಾಳ್ಮೆ ಇರಲಿಲ್ಲ.

“ಅಕ್ಕೋರೆ, ಗ್ರೂಪಿನ್ಯಾಗ ಮತ್ತ ಹಾಕ್ಯಾರ ನೋಡ್ರಿ. ಇವತ್ತೂ ನಮ್ಮ ಸಾಲಿ ಕೆಂಪು.”

“ಹುಡುಗರ ಕೈ ಇನ್ನೂ ಕುಂದ್ರವಲ್ದು ಸರ್. ಟೈಮ್ ಬೇಕು. ಮಾಡ್ತಾ ಮಾಡ್ತಾ ಬರ್ತೈತಿ.”

“ಟೈಮ್ ಯಾರ್ ಕೊಡ್ತಾರ್ರೀ? ಮಗ್ಗಲ ಊರಿನ ಸಾಲಿ ನಿನ್ನೇನ ಹಸಿರಾತು. ಅಲ್ಲೇನ್ ಹುಡುಗರು ಕೈಯಾಗ ಕಂಪ್ಯೂಟರ್ ಹಿಡಕೊಂಡ ಹುಟ್ಯಾವೇನು?” ಅಡಿವೆಪ್ಪನವರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಏನೋ ನಿರ್ಧಾರವಾಗಿದೆ ಎಂದೇ ಅರ್ಥ. “ಆ ಸೊಪ್ಪಿನ ಹುಡುಗಿ ಐತೆಲ್ಲ, ಮಲಪ್ರಭಾ. ಆಕಿದು ಆಗ್ಲೇ ಹಸಿರಾತು, ಹೌದಿಲ್ಲೊ?”

“ಹೌದ್ರಿ.”

“ಹಂಗಾರ ಆಕಿ ಕೈಲೇ ಎಲ್ಲಾರ್ದೂ ಮುಗಿಸಿಬಿಡ್ರಿ. ಪರಿಚಯ ಅಷ್ಟ ಅಲ್ಲ? ಆಮ್ಯಾಲ ಹುಡುಗರು ತಮ್ದ ತಾವ ಮಾಡ್ಕೊಂತಾವ.”

ಮುಗಿಸಿಬಿಡ್ರಿ ಎಂಬ ಪದದ ಮೇಲೆ ನಮ್ಮ ಆಡಳಿತ ನಿಂತಿದೆ. ವಿಮಲಾಕ್ಷಿಗೂ ಇದರಲ್ಲಿ ಮೋಸ ಕಾಣಲಿಲ್ಲ, ಏಕೆಂದರೆ ಇದು ಮೋಸಕ್ಕಿಂತ ಹಳೆಯ ಪದ್ಧತಿ. ನಮ್ಮ ಪ್ರತಿ ತರಗತಿಯಲ್ಲೂ ಒಂದು ಚೆಂದದ ಕೈ ಇರುತ್ತದೆ. ತಪಾಸಣೆಗೆ ಸಾಹೇಬರು ಬರುವ ಹಿಂದಿನ ವಾರ ಆ ಕೈ ಎಲ್ಲರ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ಕಪ್ಪೆಯ ಹೃದಯ ಬಿಡಿಸುತ್ತದೆ, ಹಲಗೆಯ ಮೇಲೆ ಸುಭಾಷಿತ ಬರೆಯುತ್ತದೆ, ಮೇಷ್ಟ್ರ ಪಾಠಯೋಜನೆಯನ್ನೂ ಅಂದವಾಗಿ ತುಂಬಿಕೊಡುತ್ತದೆ. ವಿಮಲಾಕ್ಷಿಯೂ ತನ್ನ ಕಾಲದಲ್ಲಿ ಅಂಥ ಕೈಯಾಗಿದ್ದವಳು. ಆಕೆಯ ತರಗತಿಯ ಎಲ್ಲ ಕಪ್ಪೆಗಳಿಗೂ ಒಂದೇ ಹೃದಯವಿತ್ತು. ಯಾವ ಸಾಹೇಬರೂ ಕೇಳಿರಲಿಲ್ಲ. ಅದೊಂದು ಗೌರವವೆಂದೇ ಆಕೆ ಇಂದಿಗೂ ತಿಳಿದಿದ್ದಳು.

ಆ ಗೌರವ ಈಗ ಮಲಪ್ರಭಾಳ ಪಾಲಿಗೆ ಬಂತು. ವಿಜ್ಞಾನ ಕೋಣೆಯ ನೆಲದ ಮೇಲೆ ಜಮಖಾನೆ ಹಾಸಿ, ಪಾಟಿಗಳನ್ನೆಲ್ಲ ಸಾಲಾಗಿ ಇಟ್ಟರು. ಅಡುಗೆಯವರಿಗೆ ಹೇಳಿ ಮಧ್ಯಾಹ್ನದ ಊಟದಲ್ಲಿ ಆಕೆಗೆ ಒಂದು ಮೊಟ್ಟೆ ಹೆಚ್ಚಿಗೆ ಕೊಡಿಸಿದರು.

“ಅಕ್ಕೋರೆ, ಇದು ಯಮನೂರನ ಪಾಟಿ ಏನ್ರಿ?” ಮಲಪ್ರಭಾ ಒಂದನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. “ಗಾಜಿಗೆ ಶೇಂಗಾ ಚಟ್ನಿ ಹತ್ತೈತಿ.”

“ಒರಸ್ಕೊಂಡ ಮಾಡವ್ವಾ.”

“ಒರಸ್ತೀನ್ರಿ. ಪಾಟಿ ಅಂವನ ಕೈ ಕಲ್ತಿಲ್ಲ ಅಂದ್ರೂ ಅವರವ್ವನ ಕೈ ಕಲ್ತಿರ್ತೈತಿ.”

ವಿಮಲಾಕ್ಷಿ ಪಕ್ಕದಲ್ಲಿ ಕುಳಿತು ಆ ಕೈಯನ್ನು ನೋಡುತ್ತಿದ್ದಳು. ಬೆರಳುಗಳು ಗಾಜಿನ ಮೇಲೆ ಎರಡು ಬಾರಿ ಹಗುರಾಗಿ ತಟ್ಟುತ್ತಿದ್ದವು. ಆಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಬಿಡುವು. ಆಮೇಲೆ ಒಂದು ಜಾರು. ಮತ್ತೆ ಎರಡು ತಟ್ಟು. ಪಾಟಿಗಳ ಮೂಲೆಯಲ್ಲಿ ಒಂದೊಂದೇ ಎಲೆ ಹಸಿರಾಗುತ್ತ ಹೋಯಿತು. ವಾರ ಕಳೆಯುವುದರೊಳಗೆ ಜೋಡಹುಣಸಿಯೂ ಹಸಿರಾಯಿತು. ಅಡಿವೆಪ್ಪನವರು ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕಿದರು.

ಆ ಬಿಡುವು ಎಲ್ಲಿಯದೆಂದು ವಿಮಲಾಕ್ಷಿಗೆ ತಿಳಿದದ್ದು ಆ ಸಂಜೆ ರೊಟ್ಟಿ ತರಲು ಹೋದಾಗ. ಮಲಪ್ರಭಾಳ ತಾಯಿ ಗೌರವ್ವ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಹಂಚಿನ ಮೇಲೆಯೇ. ಒಲೆಯ ಮುಂದೆ ತಾಯಿ, ಮಣೆಯ ಮುಂದೆ ಮಗಳು. ಬಲಗೈ ಎರಡು ಬಾರಿ ಬಡಿಯುತ್ತದೆ, ಆ ಹೊತ್ತಿಗೆ ಎಡಗೈ ರೊಟ್ಟಿಯನ್ನು ಒಂದಿಷ್ಟೇ ತಿರುಗಿಸುತ್ತದೆ; ತಿರುಗಿಸುವಷ್ಟು ಹೊತ್ತು ಬಲಗೈ ಗಾಳಿಯಲ್ಲಿ ಕಾಯುತ್ತದೆ. ಎರಡು ಬಡಿತ, ಒಂದು ಕಾಯುವಿಕೆ. ರೊಟ್ಟಿ ಚಂದ್ರನಂತೆ ದುಂಡಗೆ ಹಿಗ್ಗುತ್ತಿತ್ತು.

“ಮಗಳ್ನ ಭಾಳ ಹೊತ್ತ ನಿಲ್ಲಿಸ್ಕೊಳ್ಳಾಕತ್ತೀರಂತ?” ಗೌರವ್ವ ಒಲೆಯಿಂದ ಕಣ್ಣು ಎತ್ತದೆ ಕೇಳಿದಳು.

“ಸಾಲಿ ಕೆಲಸ ಗೌರವ್ವ. ಆಕಿ ಕೈ ಚಲೋ ಐತಿ.”

“ಐತಿ ಬಿಡ್ರಿ. ಹಿಟ್ಟ ನಾದೂದ್ರಾಗ ಮೈಗಳ್ಳಿ, ಬಡಿಯೂದ್ರಾಗ ಮಾತ್ರ ನನ್ನ ಮೀರಸ್ತಾಳ.”

“ನಾ ಪಾಲಿಟೆಕ್ನಿಕ್ಕಿಗೆ ಹೋಗ್ತೀನ್ರಿ ಅಕ್ಕೋರೆ,” ಎಂದಳು ಮಲಪ್ರಭಾ. “ಎಲೆಕ್ಟ್ರಾನಿಕ್ಸ್ ತಗೊಂತೀನಿ. ಹಾಸ್ಟೆಲ್ಲಿನ್ಯಾಗ ರೊಟ್ಟಿ ಬ್ಯಾರೆ ಯಾರೋ ಬಡೀತಾರ. ನಾ ಉಣ್ಣೂದಷ್ಟ.”

“ಕೇಳ್ರಿ ಇಕಿ ಮಾತು! ರೊಟ್ಟಿ ಬಡಿಯೂದು ತಪ್ತೈತಿ ಅಂತ ಇಂಜಿನಿಯರ್ ಆಗ್ತಾಳಂತ.” ಗೌರವ್ವ ನಕ್ಕಳು. ಆದರೆ ವಿಮಲಾಕ್ಷಿ ಹೊರಟಾಗ ಬಾಗಿಲವರೆಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: “ಆಕ್ಕೈತೇನ್ರಿ ಖರೇನ?”

“ಆಗದ ಏನು? ಡಿಜಿಟಲ್‌ನ್ಯಾಗ ಇಕಿಗೆ ಬೀಳದ ಮಾರ್ಕ್ಸ್ ಇನ್ಯಾರಿಗೆ ಬಿದ್ದಾವು!”

ಅದನ್ನು ಹೇಳುವಾಗ ವಿಮಲಾಕ್ಷಿ ಸುಳ್ಳಾಡಲಿಲ್ಲ.

ತೊಂದರೆ ಮರುವಾರದಿಂದಲೇ ಶುರುವಾಯಿತು. ಮಕ್ಕಳು ತಮ್ಮ ತಮ್ಮ ಪಾಟಿ ಮುಟ್ಟಿದರು. ಪಾಟಿಗಳು ಮುಖ ತಿರುಗಿಸಿದವು. ಅವು ಕಲಿತ ಕೈ ಒಂದೇ. ಹೀಗಾಗಿ ಪ್ರಾರ್ಥನೆ ಮುಗಿದೊಡನೆ ಇಡೀ ಹತ್ತನೆಯ ತರಗತಿ ಮಲಪ್ರಭಾಳ ಮುಂದೆ ತೀರ್ಥಕ್ಕೆ ನಿಂತಂತೆ ಸಾಲುಗಟ್ಟುವುದು ವಾಡಿಕೆಯಾಯಿತು.

“ಮಲ್ಲೂ, ಒಂಚೂರು ತಗದ ಕೊಡ,” ಎನ್ನುತ್ತಿದ್ದ ಯಮನೂರಪ್ಪ ಹಡಪದ. ಅವನು ಸಾಲಿನಲ್ಲಿ ಯಾವಾಗಲೂ ಮೊದಲಿಗ; ಬೇರೆ ಯಾವುದರಲ್ಲೂ ಅಲ್ಲ.

ಆಕೆ ತೆರೆದುಕೊಡುತ್ತಿದ್ದಳು. ಹುಡುಗ ಒಂದೆರಡು ಬಾರಿ ಒತ್ತುವಷ್ಟರಲ್ಲಿ ಪಾಟಿ ಪರಕೀಯ ಕೈಯ ವಾಸನೆ ಹಿಡಿದು ಕಪ್ಪಾಗುತ್ತಿತ್ತು. ಮತ್ತೆ ಸಾಲು. ಕೊನೆಗೆ ಆಕೆಗೇ ಬೇಸರವಾಗಿ, “ತಾ ಇಲ್ಲೆ, ನಾನ ಮಾಡಿ ಕೊಡ್ತೀನಿ,” ಎಂದು ಪಾಠವನ್ನೇ ಮುಗಿಸಿಕೊಡತೊಡಗಿದಳು. ಯಮನೂರನದನ್ನು ದಿನವೂ ಪೂರ್ತಿ ಮಾಡುತ್ತಿದ್ದಳು, ಏಕೆಂದರೆ ಅವನು ಪ್ರಯತ್ನವನ್ನೂ ಮಾಡುತ್ತಿರಲಿಲ್ಲ. ಎಲ್ಲರದೂ ಮುಗಿಯುವ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಆಕೆಯ ಸ್ವಂತ ಪಾಟಿ ಚೀಲದಲ್ಲಿ ಮಲಗಿರುತ್ತಿತ್ತು.

ವಿಮಲಾಕ್ಷಿ ಇದನ್ನು ಹೆಡ್‌ಮಾಸ್ತರರ ಮುಂದೆ ಇಟ್ಟಳು. ಪಾಟಿಗಳನ್ನು ಅಳಿಸಿ ಮರುಪರಿಚಯ ಮಾಡಿಸಬಹುದಿತ್ತು. ಆದರೆ ಪಾಟಿಗಳನ್ನು ನೋಡಿಕೊಳ್ಳುವ ನಗರದ ಕೇಂದ್ರಕ್ಕೆ ಕಾರಣ ತಿಳಿಸಬೇಕಿತ್ತು.

“ಏನಂತ ತಿಳಸ್ತೀರಿ?” ಅಡಿವೆಪ್ಪನವರು ಕನ್ನಡಕ ಒರೆಸಿದರು. “ಖರೇ ಹೇಳಿದ್ರ ನಾ ಹೋಗ್ತೀನಿ. ಸುಳ್ಳ ಹೇಳಿದ್ರ ನೀವ ಹೋಗ್ತೀರಿ. ಸುಮ್ನಿದ್ರ ಇಬ್ಬರೂ ಇರ್ತೀವಿ. ನಾ ಬರೋ ವರ್ಷ ರಿಟೈರ್ ಅದೀನ್ರೀ ಅಕ್ಕೋರೆ.”

ಇಬ್ಬರೂ ಇದ್ದರು.

ದಸರೆಯ ರಜೆ ಮುಗಿಯುತ್ತಿದ್ದಂತೆ ಒಂದು ವಿಚಿತ್ರ ನಡೆಯಿತು. ಜೋಡಹುಣಸಿಯ ಶಾಲೆ ಜಿಲ್ಲೆಗೇ ಮೊದಲು ಬಂತು. ವಿಮಲಾಕ್ಷಿಯನ್ನು ನಗರದ ಹಸ್ತ ನಿರ್ವಹಣಾ ಕೇಂದ್ರಕ್ಕೆ ಸನ್ಮಾನಕ್ಕೆ ಕರೆದರು. ಚಪ್ಪಲಿ ಹೊರಗೆ ಬಿಡಿಸಿ ಒಳಗೆ ಬಿಡುತ್ತಿದ್ದ ತಣ್ಣನೆಯ ದೊಡ್ಡ ಕೋಣೆ ಅದು. ಯಂತ್ರಗಳಿಗೆ ಧೂಳು ಆಗುವುದಿಲ್ಲವಂತೆ. ಒಂದು ಗೋಡೆಯ ತುಂಬ ರಾಜ್ಯದ ನಕ್ಷೆ, ಪ್ರತಿ ಶಾಲೆಗೂ ಒಂದು ಚುಕ್ಕೆ. ಮಂಕು ಚುಕ್ಕೆಗಳ ನಡುವೆ ಜೋಡಹುಣಸಿ ಮದುವೆ ಮನೆಯ ಬಲ್ಬಿನಂತೆ ಉರಿಯುತ್ತಿತ್ತು.

ಅಲ್ಲಿನ ಇಂಜಿನಿಯರ್ ಸುಧೀಂದ್ರ ಮೈಸೂರು ಕಡೆಯವನು, ಉತ್ಸಾಹಿ. ಆಕೆಯನ್ನು ಒಂದು ಪರದೆಯ ಮುಂದೆ ಕೂರಿಸಿ ಗೆರೆಗಳನ್ನು ತೋರಿಸಿದ.

“ನೋಡಿ ಮೇಡಂ, ನಿಮ್ಮ ಮಕ್ಕಳ ಕೈ. ಎರಡು ಸಲ ತಟ್ಟತ್ತೆ, ಆಮೇಲೆ ಒಂದು ಗ್ಯಾಪ್. ಇಲ್ಲಿ, ಕಾಣ್ತಾ? ಆ ಗ್ಯಾಪೇ ಮುಖ್ಯ. ಮಗು ಅಲ್ಲಿ ಯೋಚನೆ ಮಾಡ್ತಿದೆ. ನಾವಿದಕ್ಕೆ ವಿವೇಚನೆಯ ಬಿಡುವು ಅಂತ ಹೆಸರಿಟ್ಟಿದೀವಿ. ಬೇರೆ ಸ್ಕೂಲಲ್ಲಿ ಎಲ್ಲೋ ಒಬ್ಬರಲ್ಲಿ ಸಿಗತ್ತೆ. ನಿಮ್ಮಲ್ಲಿ ಇಡೀ ಕ್ಲಾಸಿಗೇ ಇದೆ! ಹೇಗೆ ಕಲಿಸಿದ್ರಿ?”

ವಿಮಲಾಕ್ಷಿ ಪರದೆಯನ್ನು ನೋಡಿದಳು. ಎರಡು ಬಡಿತ, ರೊಟ್ಟಿ ತಿರುಗುವಷ್ಟು ಹೊತ್ತು, ಮತ್ತೆ ಎರಡು ಬಡಿತ. ಇಷ್ಟು ದೂರದಲ್ಲೂ, ಇಷ್ಟು ತಣ್ಣನೆಯ ಕೋಣೆಯಲ್ಲೂ, ಅದಕ್ಕೆ ಹಿಟ್ಟಿನ ವಾಸನೆಯಿತ್ತು.

“ಪ್ರ್ಯಾಕ್ಟೀಸು,” ಎಂದಳು.

ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯ ಸೇಬುಗಳಲ್ಲಿ ಎರಡನ್ನು ವಿಮಲಾಕ್ಷಿ ಮರುದಿನ ಮಲಪ್ರಭಾಳಿಗೆ ಕೊಟ್ಟಳು. ಶಾಲನ್ನು ತಾನಿಟ್ಟುಕೊಂಡಳು.

ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಜೋಡಹುಣಸಿಯ ಇಡೀ ತರಗತಿ ಡಿಜಿಟಲ್ ಕೌಶಲದಲ್ಲಿ ಡಿಸ್ಟಿಂಕ್ಷನ್. ಯಮನೂರಪ್ಪ ಹಡಪದನಿಗೆ ನೂರಕ್ಕೆ ತೊಂಬತ್ತಾರು. ಅವನ ಅಪ್ಪ ಪೇಡೆ ಹಂಚಿದ. ಮಲಪ್ರಭಾ ಸೊಪ್ಪಿನ ಎಂಬ ಹೆಸರಿನ ಮುಂದೆ ಅಂಕದ ಬದಲು ಒಂದು ಸಾಲು: ‘ಪರಹಸ್ತ. ಇನ್ನೊಬ್ಬ ವಿದ್ಯಾರ್ಥಿಯ ಕೈ ಬಳಕೆಯಾಗಿದೆ. ಅನುತ್ತೀರ್ಣ.’

ವಿಮಲಾಕ್ಷಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಯಂತ್ರದ ತರ್ಕದಲ್ಲಿ ಎಲ್ಲೂ ತಪ್ಪು ಸಿಗಲಿಲ್ಲ. ವರ್ಷದ ಕೊನೆಗೆ ಯಂತ್ರ ಎಲ್ಲ ಪಾಟಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿತ್ತು. ಒಂದೇ ಶಾಲೆಯ ಮಕ್ಕಳ ಕೈ ಒಂದರಂತೆ ಒಂದಿರುವುದನ್ನು ಒಳ್ಳೆಯ ಬೋಧನೆಯೆಂದು ಅದು ಆಗಲೇ ಒಪ್ಪಿಕೊಂಡಿತ್ತು. ಆದರೆ ಒಂದು ಪಾಟಿಯ ಮೇಲೆ ಮಾತ್ರ ಆ ಕೈ ವರ್ಷದಲ್ಲಿ ಅಲ್ಲೊಮ್ಮೆ ಇಲ್ಲೊಮ್ಮೆ ಕಾಣಿಸಿಕೊಂಡಿತ್ತು. ಬಂದಾಗಲೆಲ್ಲ ಅವಸರದಲ್ಲಿ ಬಂದು ಹೋಗಿತ್ತು. ಕಳ್ಳ ಹಾಗೆಯೇ ಬರುವುದು. ಉಳಿದ ಪಾಟಿಗಳ ಮೇಲೆ ದಿನವೂ ತುಂಬು ಹೊತ್ತು ಆಡಿದ ಕೈ ಆಯಾ ಮಕ್ಕಳದೇ ಆಗಿರಬೇಕು. ಅದನ್ನು ಎಲ್ಲೋ ಕೆಲವು ದಿನ ಕದ್ದು ಬಳಸಿಕೊಂಡವಳು ಮಲಪ್ರಭಾ.

ತಾಯಿ, ಮಗಳು, ವಿಮಲಾಕ್ಷಿ ಮೂವರೂ ಬಸ್ಸು ಹತ್ತಿ ಕೇಂದ್ರಕ್ಕೆ ಹೋದರು. ಗೌರವ್ವ ಸುಧೀಂದ್ರನಿಗೆಂದು ರೊಟ್ಟಿಯ ಕಟ್ಟು, ಎಣ್ಣೆಗಾಯಿ ತಂದಿದ್ದಳು. ಹೊರಡುವ ಮುಂಚೆ ಅಡಿವೆಪ್ಪನವರು ವಿಮಲಾಕ್ಷಿಗೆ ಒಂದೇ ಮಾತು ಹೇಳಿದ್ದರು: “ಹುಡುಗಿ ಪರ ಮಾತಾಡ್ರಿ. ನಮ್ಮ ಪರಾನೂ ನೆನಪಿರ್ಲಿ.”

ಸುಧೀಂದ್ರ ಈ ಸಲ ಅಷ್ಟು ಉತ್ಸಾಹದಲ್ಲಿರಲಿಲ್ಲ. ಆದರೂ ಸಭ್ಯ. ಹೊಸ ಪಾಟಿಯೊಂದನ್ನು ತಂದು ಮಲಪ್ರಭಾಳ ಮುಂದಿಟ್ಟ. “ಮಾಡಮ್ಮ, ನೋಡೋಣ.”

ಆಕೆ ಮಾಡಿದಳು. ಅರ್ಜಿ ತುಂಬಿದಳು, ಮೋಸದ ಸಂದೇಶವನ್ನು ಕಂಡೊಡನೆ ತಳ್ಳಿದಳು, ಸುಳ್ಳು ಸುದ್ದಿಯ ಬೇರು ಹುಡುಕಿದಳು. ಸುಧೀಂದ್ರ ಕುರ್ಚಿ ಹತ್ತಿರ ಎಳೆದುಕೊಂಡ. ಅವನ ಮುಖದಲ್ಲಿ ಮೊದಲ ದಿನದ ಸಂತೋಷ ಮರಳುತ್ತಿತ್ತು. ಆಗ ಪರದೆಯ ಮೇಲೆ ಹೆಸರು ಮೂಡಿತು: ಯಮನೂರಪ್ಪ ಹಡಪದ. ಆ ಕೈ ಅತಿ ಹೆಚ್ಚು ಹೊತ್ತು ಆಡಿದ್ದು ಅವನ ಪಾಟಿಯ ಮೇಲೆ. ತರಗತಿಯ ಪರಮ ಸೋಮಾರಿಗೆ ಆ ಕೈಯ ಒಡೆತನ ಸಿಕ್ಕಿತ್ತು.

ಮಲಪ್ರಭಾಳಿಗೆ ನಗು ತಡೆಯಲಾಗಲಿಲ್ಲ. “ನೋಡ್ರಿ ಸರ್, ನಾ ಯಮನೂರ ಆಗೀನಿ.” ಆಮೇಲೆ ನಗು ನಿಂತಿತು. “ಸರ್, ಖರೇ ಹೇಳ್ಲ್ಯಾ? ಎಲ್ಲಾರ್ದೂ ನಾನ ಮಾಡೀನ್ರಿ. ಮೊದ್ಲಿಂದ ಕಡೀತನಾ.”

ಸುಧೀಂದ್ರ ಎದ್ದು ಬಾಗಿಲು ಹಾಕಿ ಬಂದ.

“ಇದನ್ನ ನಾನು ಕೇಳಿಸ್ಕೊಂಡಿಲ್ಲ,” ಎಂದ. “ಕೇಳಿಸ್ಕೊಂಡ್ರೆ ಮೇಲೆ ತಿಳಿಸ್ಬೇಕು. ತಿಳಿಸಿದ್ರೆ ಇಡೀ ಕ್ಲಾಸಿನ ಮಾರ್ಕ್ಸ್ ಕ್ಯಾನ್ಸಲ್ ಆಗತ್ತೆ. ಬೇರೆಯವರ ಹೆಸರಲ್ಲಿ ಕೂತಿದ್ದಕ್ಕೆ ಈ ಮಗು ಮೂರು ವರ್ಷ ಎಲ್ಲೂ ಕೂರೋ ಹಾಗಿಲ್ಲ. ಆಮೇಲೆ, ಮಾಡ್ಸಿದ್ದು ಯಾರು ಅಂತಾನೂ ಕೇಳ್ತಾರೆ.”

ಅವನು ವಿಮಲಾಕ್ಷಿಯತ್ತ ನೋಡಲಿಲ್ಲ. ಗೌರವ್ವ ನೋಡಿದಳು.

“ಆಕಿ ಕೈ ಆಕಿದ ಅಂತ ಹೇಳಾಕ ಏನ್ ಮಾಡ್ಬೇಕ್ರಿ ಸಾಹೇಬ್ರ?” ಗೌರವ್ವನ ದನಿ ಏರಿತು. “ನಾ ಹಡದಾಕಿ ಇಲ್ಲೇ ಕುಂತೀನಿ. ಈ ಕೈ ನನ್ನ ಹೊಟ್ಟ್ಯಾಗಿಂದ ಬಂದೈತಿ. ಹಡಪದವರ ಮನ್ಯಾಗಿಂದ ಬಂದಿಲ್ಲ.”

“ಅಮ್ಮ, ಸಿಸ್ಟಮ್‌ನಲ್ಲಿ ಅದಕ್ಕೆ ಜಾಗ ಇಲ್ಲ.”

“ಅಕ್ಕೋರೆ, ನೀವಾದ್ರೂ ಹೇಳ್ರಿ. ನೀವ ಮುಂದ ಕುಂತಿದ್ರೆಲ್ಲ.”

ಕೋಣೆಯಲ್ಲಿ ಯಂತ್ರಗಳ ಸಣ್ಣ ಗುಂಯ್ ಸದ್ದು. ಗೋಡೆಯ ಮೇಲೆ ಜೋಡಹುಣಸಿ ಉರಿಯುತ್ತಿತ್ತು. ಮೇಜಿನ ಮೇಲೆ ಅತಿಥಿಗಳಿಗೆಂದು ಇಟ್ಟ ನೀರಿನ ಬಾಟಲಿಯಿತ್ತು. ವಿಮಲಾಕ್ಷಿ ಅದರ ಮುಚ್ಚಳ ತಿರುಗಿಸಿ ನೀರು ಕುಡಿದಳು. ಬಾಟಲಿ ಖಾಲಿಯಾಗುವವರೆಗೂ ಕುಡಿದಳು.

“ಒಂದ್ ವರ್ಷ ಅಷ್ಟೇ,” ಎಂದ ಸುಧೀಂದ್ರ, ಯಾರಿಗೂ ನೋವಾಗದ ಮಾತು ಸಿಕ್ಕ ನೆಮ್ಮದಿಯಲ್ಲಿ. “ಖಾಸಗಿಯಾಗಿ ಕಟ್ಟಲಿ. ಹೊಸ ಪಾಟಿ, ಹೊಸ ಪರಿಚಯ. ಚುರುಕಾದ ಹುಡುಗಿ, ಏನೂ ತೊಂದರೆ ಆಗಲ್ಲ.”

ರೊಟ್ಟಿಯ ಕಟ್ಟನ್ನು ಅವನು ಇಟ್ಟುಕೊಂಡ. ಬಸ್ಸಿನಲ್ಲಿ ಗೌರವ್ವ ವಿಮಲಾಕ್ಷಿಯ ಪಕ್ಕ ಕೂರಲಿಲ್ಲ. ಆದರೆ ಟಿಕೆಟು ಮೂವರದೂ ಸೇರಿಸಿಯೇ ತೆಗೆಸಿದಳು; ಸಿಟ್ಟು ಬೇರೆ, ಅಕ್ಕೋರಿಗೆ ಕೊಡುವ ಮರ್ಯಾದೆ ಬೇರೆ.

ಆ ಒಂದು ವರ್ಷದಲ್ಲಿ ಕೇಂದ್ರ ಸುಮ್ಮನಿರಲಿಲ್ಲ. ಜೋಡಹುಣಸಿಯ ಕೈ ಅಷ್ಟು ಚೆನ್ನಾಗಿರುವುದರಿಂದ, ಅದೂ ಒಂದಿಡೀ ತರಗತಿಗೆ ಒಗ್ಗಿದೆ ಎಂದ ಮೇಲೆ, ಅದನ್ನು ರಾಜ್ಯಕ್ಕೆಲ್ಲ ಯಾಕೆ ಕಲಿಸಬಾರದು ಎಂದು ಯಾರಿಗೋ ಹೊಳೆಯಿತು. ಜೂನ್‌ನಲ್ಲಿ ಬಂದ ಹೊಸ ಪಾಟಿಗಳಲ್ಲಿ ‘ಮಾದರಿ ಹಸ್ತ’ ಇತ್ತು. ಪಾಟಿ ತೆರೆದೊಡನೆ ಗಾಜಿನ ಕೆಳಗೆ ತೆಳು ನೀಲಿ ಕೈಯೊಂದು ಮೂಡಿ ಹೀಗೆ ಮಾಡು ಎಂದು ತೋರಿಸುತ್ತಿತ್ತು. ಎರಡು ತಟ್ಟು, ಒಂದು ಬಿಡುವು, ಒಂದು ಜಾರು. ಮಕ್ಕಳು ಅದರ ಹಿಂದೆ ತಮ್ಮ ಬೆರಳು ಆಡಿಸಿದರು. ಬೀದರಿನಿಂದ ಚಾಮರಾಜನಗರದವರೆಗೆ ಲಕ್ಷಾಂತರ ಮಕ್ಕಳು ಗಾಜಿನ ಮೇಲೆ ಕಾಣದ ರೊಟ್ಟಿಯೊಂದನ್ನು ತಿರುಗಿಸತೊಡಗಿದರು.

ತನ್ನ ಹೊಸ ಹತ್ತನೆಯ ತರಗತಿಯ ನಡುವೆ ನಿಂತು ಆ ನೀಲಿ ಕೈಯನ್ನು ಮೊದಲ ಸಲ ಕಂಡಾಗ ವಿಮಲಾಕ್ಷಿಗೆ ಅದು ಯಾರದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮಾದರಿಯನ್ನು ಕೊಟ್ಟ ಮೇಲೆ ಅದನ್ನು ಸುಮ್ಮನೆ ನಕಲು ಮಾಡುವವರೂ ಇರುತ್ತಾರಲ್ಲ. ನಮ್ಮ ಮಕ್ಕಳನ್ನು ಇಲಾಖೆ ಚೆನ್ನಾಗಿ ಬಲ್ಲದು. ಅದಕ್ಕೂ ಒಂದು ತಡೆ ಇಟ್ಟಿದ್ದರು. ಮಾದರಿಗೆ ಹತ್ತಿರ ಬಂದರೆ ಅಂಕ, ತೀರ ಮಾದರಿಯೇ ಆಗಿಬಿಟ್ಟರೆ ನಕಲು.

ಮಲಪ್ರಭಾಳ ಹೊಸ ಪಾಟಿ ಮೊದಲ ದಿನ ‘ನಕಲು’ ಎಂದಿತು. ಎರಡನೆಯ ದಿನ ‘ನಕಲು’ ಎಂದಿತು. ಒಂದು ವಾರ ನೋಡಿ ಆಕೆ ಅದನ್ನು ಎದೆಗವಚಿಕೊಂಡು ವಿಮಲಾಕ್ಷಿಯ ಮನೆಗೆ ಬಂದಳು. ಭಾನುವಾರ. ವಿಮಲಾಕ್ಷಿ ಊಟದ ಮೇಜಿನ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಅಕ್ಕೋರೆ, ನಾ ಯಾರ್ದು ಕಾಪಿ ಹೊಡ್ಯಾಕತ್ತೀನಿ?”

ವಿಮಲಾಕ್ಷಿ ಹೇಳಿದಳು. ಸುಳ್ಳು ಹೇಳುವಷ್ಟು ಬುದ್ಧಿ ಆ ಹೊತ್ತಿಗೆ ಓಡಲಿಲ್ಲ. ನೀಲಿ ಕೈಯನ್ನು ತೋರಿಸಿ, ಬಿಡುವನ್ನು ತೋರಿಸಿ, ಎಲ್ಲವನ್ನೂ ಹೇಳಿದಳು. ಮಲಪ್ರಭಾ ಅಳುತ್ತಾಳೆಂದು ಕಾದಳು. ಹುಡುಗಿ ಆ ನೀಲಿ ಕೈಯನ್ನು ಬಹಳ ಹೊತ್ತು ನೋಡಿದಳು.

“ಭಾಳ ಚಂದ ಮಾಡ್ತಾಳ್ರಿ,” ಎಂದಳು, ಬೇರೆ ಯಾರನ್ನೋ ಕುರಿತು ಹೇಳುವಂತೆ. ಆಮೇಲೆ: “ಅಕ್ಕೋರೆ, ನಿಮಗ ಡಿಜಿಟಲ್‌ನ್ಯಾಗ ಎಷ್ಟ ಬರ್ತೈತ್ರಿ?”

ಶಿಕ್ಷಕರಿಗೂ ಪಾಟಿ ಕೊಟ್ಟಿದ್ದರು. ಶಿಕ್ಷಕರ ಅಂಕ ಯಾರೂ ಕೇಳುವಂತಿರಲಿಲ್ಲ.

“ನಲವತ್ತೊಂದು,” ಎಂದಳು ವಿಮಲಾಕ್ಷಿ.

“ಪಾಸ್ ಅಲ್ರಿ?”

“ಪಾಸ್.”

“ಹಂಗಾರ ನಿಮ್ಮಂಗ ಮಾಡೂದ ಕಲಸ್ರಿ.”

ಪಾಠ ಆ ಮೇಜಿನ ಮೇಲೆಯೇ ಶುರುವಾಯಿತು, ಪ್ರತಿ ಭಾನುವಾರ. ಹೆಚ್ಚು ಒತ್ತು. ಹುಡುಕು, ಕಣ್ಣಮುಂದೆಯೇ ಇದ್ದರೂ ಹುಡುಕು. ಒತ್ತಿ ತಪ್ಪಾಯಿತೇನೋ ಎಂದು ಬೆರಳು ಹಿಂದೆಳೆದುಕೋ. ಮತ್ತೆ ಅದನ್ನೇ ಒತ್ತು. ಮೋಸದ ಸಂದೇಶ ಕಂಡರೆ ಒಮ್ಮೆ ತೆರೆದು ಓದು, ಏನಾದರೂ ಬಹುಮಾನ ಇದ್ದೀತು. ನೌಕರಿಗೆ ಸೇರಿದ ಮೇಲೆ ವಿಮಲಾಕ್ಷಿ ಒಬ್ಬ ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಸರವಿಲ್ಲದೆ, ಮುಗಿಸಿಬಿಡದೆ ಕಲಿಸಿದ ಪಾಠ ಇದೊಂದೇ ಇರಬೇಕು.

“ಅಂಜಬೇಕವ್ವಾ. ಕೈ ಅಂಜಬೇಕು. ನಿಂದು ಅಂಜವಲ್ದು.”

“ಹೆಂಗ ಅಂಜೂದ್ರಿ? ನಂಗ ಬರವಲ್ದು.”

“ಏನರ ಕಳಕೊಂತೀನಿ ಅನ್ನೂ ಹಂಗ ಮುಟ್ಟು. ನೌಕರಿ, ಪೆನ್ಶನ್, ಏನರ ಒಂದು.” ವಿಮಲಾಕ್ಷಿ ತಾನೇ ಪಾಟಿಯ ಮೇಲೆ ಮಾಡಿ ತೋರಿಸಿದಳು. ಬೆರಳು ಗಾಜಿನ ಹತ್ತಿರ ಹೋಗಿ ನಿಂತು, ಸರಿದು, ಮತ್ತೆ ಹೋಗಿ, ಬೇರೆ ಕಡೆ ಮುಟ್ಟಿತು. ಮಲಪ್ರಭಾ ಅದನ್ನು ತಲೆ ಬಾಗಿಸಿ, ಕುಶಲ ಕೆಲಸ ನೋಡುವಂತೆ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಆ ಕೈ ಸಾಕಷ್ಟು ದಡ್ಡವಾಗುತ್ತಿತ್ತು. ಮರುದಿನ ಬೆಳಿಗ್ಗೆ ತಾಯಿಯ ಪಕ್ಕ ರೊಟ್ಟಿಗೆ ಕೂತರೆ ಎಲ್ಲವೂ ನೀರಲ್ಲಿ ಹೋಮ. ಎರಡು ಬಡಿತ, ಒಂದು ಕಾಯುವಿಕೆ. ಪಾಟಿ ಮುಟ್ಟಿದರೆ ‘ನಕಲು’. ಶ್ರಾವಣದ ಹೊತ್ತಿಗೆ ಮಲಪ್ರಭಾಳಿಗೆ ರೋಗದ ಬೇರು ಎಲ್ಲಿದೆ ಎಂದು ತಿಳಿಯಿತು. ಆಕೆ ವಿಮಲಾಕ್ಷಿಗೂ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ.

ಈ ಸಲದ ಫಲಿತಾಂಶ ಬಂದ ದಿನ ವಿಮಲಾಕ್ಷಿ ಶಾಲೆಯಿಂದ ನೇರವಾಗಿ ರೊಟ್ಟಿಯ ಓಣಿಗೆ ಹೋದಳು. ಹಂಚಿನ ಮುಂದೆ ಗೌರವ್ವ, ಮಣೆಯ ಮುಂದೆ ಮಲಪ್ರಭಾ.

“ಮೂವತ್ತೆಂಟ್ರಿ ಅಕ್ಕೋರೆ!” ಹುಡುಗಿ ಹಿಟ್ಟಿನ ಕೈ ಎತ್ತಿ ತೋರಿಸಿದಳು. “ಪಾಲಿಟೆಕ್ನಿಕ್ಕಿನ್ಯಾಗ ಕಡೀ ಲಿಸ್ಟಿಗೆ ಸಿಗ್ತೈತಂತ.”

“ಚಲೋ ಆತವ್ವಾ. ಇನ್ನ ಅದನ್ನೆಲ್ಲ ಮರತಬಿಡು. ನಿನ್ನಂಗ ನೀ ಮಾಡು.”

“ಹೆಂಗ ಮರೀತೀನ್ರಿ? ಅಲ್ಲೂ ಇದ ಪಾಟಿನ. ಅದಕ್ಕ ಗೊತ್ತಿರೂದು ಈ ಕೈ. ಇನ್ನ ಮೂರು ವರ್ಷ ಇದನ್ನ ಇಟ್ಕೋಬೇಕು.”

ಗೌರವ್ವ ಬುಟ್ಟಿಯಿಂದ ರೊಟ್ಟಿ ಎಣಿಸಿ ತೆಗೆದಳು. ಅಂಚು ಹರಿದವು, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ನಾಲ್ಕೈದನ್ನು ಹೊರಳಿಸಿ ಒಳ್ಳೆಯದು ಹುಡುಕಿದಳು. “ಇವು ಆಕಿ ಬಡದದ್ರಿ. ಯಾಕೋ ಏನೋ, ಭಾಳ ದಿನಾತು, ಹಿಂಗ ಹರದ್ಹರದ ಬರಾಕತ್ತಾವ. ಕೈಯಾಗಿನ ದೇವ್ರ ಎದ್ದ ಹೋದಂಗ. ಗಿರಾಕಿ ಬೈತಾರ.”

“ಅವನ್ನ ಕೊಡವ್ವಾ,” ಎಂದಳು ವಿಮಲಾಕ್ಷಿ. “ಹರದದ್ದ ಕೊಡು.”

ಅಷ್ಟರಲ್ಲಿ ಯಮನೂರ ಬಂದ. ಪಾಲಿಟೆಕ್ನಿಕ್ಕಿನಲ್ಲಿ ಒಂದು ವರ್ಷ ಮುಗಿಸುತ್ತ ಬಂದಿದ್ದ, ಮೀಸೆ ಬಂದಿತ್ತು. ತಿಂಗಳಿಗೊಮ್ಮೆ ಊರಿಗೆ ಬಂದಾಗಲೆಲ್ಲ ಪಾಟಿ ತಂದು ಅಲ್ಲಿನ ಪಾಠವನ್ನೂ ಮಲಪ್ರಭಾಳಿಂದಲೇ ಮಾಡಿಸಿಕೊಂಡು ಹೋಗುವುದು ಅವನ ರೂಢಿ. ಉಳಿದ ದಿನ ಕಾಲೇಜಿನಲ್ಲಿ ಪಾಟಿ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದು ಹೇಳಿಕೊಂಡು ತಳ್ಳುತ್ತಿದ್ದ. ಈ ಸಲ ಮಾತ್ರ ರೂಢಿ ತಪ್ಪಿ, ಚಳಿಗಾಲದ ನಂತರ ಇದೇ ಮೊದಲು ಬಂದಿದ್ದ.

“ಮಲ್ಲೂ, ಒಂಚೂರು ತಗದ ಕೊಡ. ಸೋಮವಾರ ಪರೀಕ್ಷಾ ಐತಿ.”

ಆಕೆ ಸೆರಗಿನಂತೆ ಹೆಗಲ ಮೇಲಿದ್ದ ಟವೆಲಿಗೆ ಕೈ ಒರೆಸಿಕೊಂಡು ಪಾಟಿ ತೆಗೆದುಕೊಂಡಳು. ಬೆರಳು ಗಾಜಿನ ಹತ್ತಿರ ಹೋಗಿ ನಿಂತಿತು, ಸರಿಯಿತು, ಮತ್ತೆ ಹೋಗಿ ಮುಟ್ಟಿತು. ಪಾಟಿ ಸ್ವಲ್ಪ ಹೊತ್ತು ಸಹಿಸಿಕೊಂಡಿತು. ಆಮೇಲೆ ಮುಖ ತಿರುಗಿಸಿ ಕಪ್ಪಾಯಿತು.

ಆಕೆ ಕಣ್ಣು ಮುಚ್ಚಿ ಇನ್ನೊಮ್ಮೆ ಮಾಡಿದಳು. ಎರಡು ಬಾರಿ ತಟ್ಟಿ ಕಾದಳು. ಎಷ್ಟು ಹೊತ್ತು ಕಾಯಬೇಕೆಂಬುದು ಕೈಗೆ ನೆನಪಿರಲಿಲ್ಲ. ಪಾಟಿ ಕಪ್ಪಾಗಿಯೇ ಇತ್ತು.

ಯಮನೂರ ಗಾಬರಿಯಿಂದ ಪಾಟಿಯನ್ನೂ ಆಕೆಯನ್ನೂ ನೋಡಿದ. “ಏನಾತ ಮಲ್ಲೂ ನಿನ್ನ ಕೈಗೆ?”

“ಪಾಸಾತು,” ಎಂದಳು ಮಲಪ್ರಭಾ.